ಅಮೆರಿಕದಲ್ಲಿ 8 ಗಂಟೆ ಕೆಲಸ: ಫೋರ್ಡ್ ಕೊಟ್ಟದ್ದೋ, ಕಾರ್ಮಿಕರು ಪಡೆದದ್ದೋ?

ಅರಳೀಕಟ್ಟೆ:
ನಿನ್ನೆ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಬಂತು. ಹೆನ್ರಿ ಫೋರ್ಡ್ ತನ್ನ ಕಾರಿನ ಪಕ್ಕ ನಿಂತಿದ್ದಾನೆ. ದಿನಕ್ಕೆ 8 ಗಂಟೆ ಕೆಲಸ, ವಾರಕ್ಕೆ ಎರಡು ದಿನ ರಜೆ ಕೊಟ್ಟವನು ಈ ಮಾಲೀಕ, ಯಾವ ಯೂನಿಯನ್ನೂ ಅಲ್ಲ ಅಂತ ಕೆಳಗೆ ದಪ್ಪಕ್ಷರದಲ್ಲಿ ಬರೆದಿದೆ. ಅಷ್ಟಕ್ಕೇ ಜಗಳ ಹತ್ತಿಕೊಂಡು ಒಬ್ಬರು ಗುಂಪು ಬಿಟ್ಟೇ ಹೋದರು.

ನನಗೆ ಮೇ ದಿನ ಗೊತ್ತು, ಶಿಕಾಗೋ ಗೊತ್ತು, ಅದರಾಚೆ ಸೊನ್ನೆ. ಆದರೂ ಒಂದು ಅನುಮಾನ ಕೊರೆಯುತ್ತಿದೆ. 1886ರಲ್ಲೇ ಶಿಕಾಗೋದವರು ಹೋರಾಡಿ 8 ಗಂಟೆ ಪಡೆದಿದ್ದರೆ, ಅದಾಗಿ 28 ವರ್ಷಕ್ಕೆ ಫೋರ್ಡ್ ಕೊಟ್ಟದ್ದು ಅಷ್ಟು ದೊಡ್ಡ ಸುದ್ದಿ ಯಾಕಾಯಿತು? ಬಲ್ಲವರು ಹೇಳಿ. ಜಗಳ ಬೇಡ.

ಎರಡನೇ ಪಾಳಿ:
ಕೊಟ್ಟಿದ್ದು ಸುಳ್ಳಲ್ಲ ಸಾರ್. 1914ರ ಜನವರಿ 5ಕ್ಕೆ ಘೋಷಣೆ ಆಯ್ತು. 9 ಗಂಟೆ ಇದ್ದ ಕೆಲಸ 8ಕ್ಕೆ ಇಳೀತು, 2 ಡಾಲರ್ 34 ಸೆಂಟ್ ಇದ್ದ ದಿನಗೂಲಿ 5 ಡಾಲರಿಗೆ ಏರಿತು. ಯಾಕೆ ಅನ್ನೋದು ಮಾತ್ರ ಆ ಚಿತ್ರದಲ್ಲಿ ಇರಲ್ಲ.

ಹಿಂದಿನ ವರ್ಷ ತಾನೇ ಅವನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಗೆ ಓಡೋ ಅಸೆಂಬ್ಲಿ ಲೈನು ಬಂದಿತ್ತು. ಹನ್ನೆರಡು ಗಂಟೆಗೂ ಮೇಲೆ ಹಿಡೀತಿದ್ದ ಚಾಸಿ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಬಂತು. ಗಾಡಿ ಬೇಗ ಬೇಗ ಹೊರಬಂತು, ಜನ ಮಾತ್ರ ನಿಲ್ಲಲಿಲ್ಲ. ಒಂದೇ ಬೋಲ್ಟು, ಒಂದೇ ತಿರುವು, ಬೆಳಗಿಂದ ಸಂಜೆ ತನಕ. ಸುಮಾರು 14 ಸಾವಿರ ಜನರ ಕಾರ್ಖಾನೆ ನಡೆಸೋಕೆ ಒಂದೇ ವರ್ಷದಲ್ಲಿ 52 ಸಾವಿರ ಜನರನ್ನ ಕೆಲಸಕ್ಕೆ ತಗೋಬೇಕಾಯ್ತು. ಬಂದವನು ವಾರಕ್ಕೇ ಚೀಟಿ ಹರಿದು ಹೋಗ್ತಿದ್ದ. ಪ್ರತಿಯೊಬ್ಬನಿಗೂ ಕೆಲಸ ಕಲಿಸೋ ಖರ್ಚು ಬೇರೆ.

ನಾನೂ ಆರು ವರ್ಷ ಲೈನಿನಲ್ಲಿ ನಿಂತವನು. ಕೈ ತಾನಾಗೇ ಆಡ್ತಿರುತ್ತೆ, ತಲೆ ಎಲ್ಲೋ ಇರುತ್ತೆ. ರಾತ್ರಿ ಮಲಗಿದ ಮೇಲೂ ಬೆರಳು ಅದೇ ತಿರುವು ಹುಡುಕುತ್ತೆ. ಬಿಟ್ಟು ಓಡಿದವರ ಮೇಲೆ ನನಗೆ ಕೋಪ ಬರಲ್ಲ.

ಇನ್ನೊಂದು ಲೆಕ್ಕ. 9 ಗಂಟೆಯ ಎರಡು ಪಾಳಿ ಹೋಗಿ 8 ಗಂಟೆಯ ಮೂರು ಪಾಳಿ ಬಂತು. ಅಂದ್ರೆ ಯಂತ್ರಕ್ಕೆ ದಿನದ 24 ಗಂಟೆಯೂ ದುಡಿಮೆ. ಆ 5 ಡಾಲರ್ ಕೂಡ ಪೂರ್ತಿ ಕೂಲಿ ಅಲ್ಲ. ಸುಮಾರು ಅರ್ಧ 'ಲಾಭದ ಪಾಲು', ಅದು ಸಿಗಬೇಕಂದ್ರೆ ಆರು ತಿಂಗಳು ಸರ್ವಿಸ್ ಆಗಿರಬೇಕು. ಕಂಪನಿಯ ಸಮಾಜ ವಿಭಾಗದವರು ಮನೆಗೇ ಬಂದು ನೋಡೋರು. ಕುಡೀತಾನಾ, ಮನೆ ಚೊಕ್ಕಟ ಇದೆಯಾ, ಬ್ಯಾಂಕಲ್ಲಿ ಎಷ್ಟಿಟ್ಟಿದ್ದಾನೆ, ಕೋಣೆ ಬಾಡಿಗೆಗೆ ಕೊಟ್ಟಿದ್ದಾನಾ, ಎಲ್ಲ ಬರ್ಕೊಂಡು ಹೋಗೋರು. ಶುರುವಿನಲ್ಲಿ ಹೆಂಗಸರಿಗೆ ಈ ಪಾಲು ಇರಲೇ ಇಲ್ಲ.

ಖಡಕ್ ಮಾತು:
ಕಾರಣ ಏನೇ ಇರಲಿ, ಕೊಟ್ಟ ತಾನೇ? ಘೋಷಣೆಯಾದ ಮೇಲೆ ಆ ಗೇಟಿನ ಮುಂದೆ ಕೆಲಸ ಕೇಳಿಕೊಂಡು ಸಾವಿರಾರು ಜನ ಸೇರಿದ್ದರು. ಯಾರೂ ಅವರನ್ನು ಬಲವಂತವಾಗಿ ಎಳೆದು ತಂದದ್ದಲ್ಲ. ಶಿಕಾಗೋದ ಮುಷ್ಕರದಿಂದ ಯಾರಿಗೆ ಏನು ಸಿಕ್ಕಿತು? ನೇಣುಗಂಬ.

ಎರಡನೇ ಪಾಳಿ:
ಗೇಟಿನ ಕತೆ ಪೂರ್ತಿ ಹೇಳಿ ಸ್ವಾಮಿ. ಹೆಪ್ಪುಗಟ್ಟೋ ಚಳಿಯಲ್ಲಿ ನಿಂತಿದ್ದ ಆ ಜನರ ಮೇಲೆ ಬೆಂಕಿ ಆರಿಸೋ ಪೈಪಿನಿಂದ ನೀರು ಬಿಟ್ಟರು.

ಓದುಗುಳಿ:
'ಖಡಕ್ ಮಾತು' ಅವರ ಪ್ರಶ್ನೆಯಲ್ಲಿ ಹುರುಳಿದೆ, ನಾವು ಮೇ ದಿನದ ಅಭಿಮಾನಿಗಳು ಅದನ್ನು ಹಾರಿಸಿ ಹೋಗುತ್ತೇವೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಶಿಕಾಗೋ ಇರುವ ಇಲಿನಾಯ್ ರಾಜ್ಯದಲ್ಲಿ 8 ಗಂಟೆಯ ಕಾನೂನು 1867ರಲ್ಲೇ ಬಂದಿತ್ತು, ಅಂದರೆ 1886ರ ಹೇಮಾರ್ಕೆಟ್ ಘಟನೆಗೆ (ಅದನ್ನು ಮುಂದೆ ಹೇಳುತ್ತೇನೆ) 19 ವರ್ಷ ಮೊದಲು! ಆದರೆ ಅದರಲ್ಲೊಂದು ಬಾಲ ಇತ್ತು: ಬೇರೆ ಒಪ್ಪಂದ ಇಲ್ಲದಿದ್ದರೆ ಮಾತ್ರ 8 ಗಂಟೆ. ಮಾಲೀಕರು 10 ಗಂಟೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು, ಒಪ್ಪದವರಿಗೆ ಕೆಲಸವಿಲ್ಲ. ಅದೇ 1867ರ ಮೇ ತಿಂಗಳಲ್ಲಿ ಮುಷ್ಕರವಾಯಿತು, ಮುರಿದುಬಿತ್ತು. ಕಾನೂನು ಪುಸ್ತಕದಲ್ಲೇ ಉಳಿಯಿತು.

ಈ ನೆನಪು ಇದ್ದ ಜನರೇ 1884ರಲ್ಲಿ ಬೇರೆ ದಾರಿ ಹಿಡಿದರು. ಶಾಸನಸಭೆಗೆ ಅರ್ಜಿ ಹಾಕುವ ಬದಲು 1886ರ ಮೇ 1ರಿಂದ 8 ಗಂಟೆಯಾದ ಮೇಲೆ ನಾವೇ ಕೆಲಸ ನಿಲ್ಲಿಸುತ್ತೇವೆ ಎಂದು ಕಾರ್ಮಿಕ ಸಂಘಗಳ ಒಕ್ಕೂಟ ತೀರ್ಮಾನಿಸಿತು. ಮೇ 1 ಶಾಂತವಾಗಿಯೇ ಕಳೆಯಿತು. ಮೇ 3ಕ್ಕೆ ಮೆಕಾರ್ಮಿಕ್ ಕೊಯ್ಲು ಯಂತ್ರದ ಕಾರ್ಖಾನೆ ಮುಂದೆ ಪೊಲೀಸರು ಗುಂಡು ಹಾರಿಸಿದರು. ಅದನ್ನು ಖಂಡಿಸಲು ಮರುದಿನ ಹೇಮಾರ್ಕೆಟ್ ಚೌಕದಲ್ಲಿ ಸಭೆ. ಮಳೆ ಬರುವ ಹಾಗಿತ್ತು, ಜನ ಕರಗುತ್ತಿದ್ದರು, ಕೊನೆಯ ಭಾಷಣ ಮುಗಿಯುವುದರಲ್ಲಿತ್ತು. ಆಗ ಪೊಲೀಸರು ಬಂದರು, ಬಾಂಬ್ ಬಿತ್ತು. ಎಸೆದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. 7 ಪೊಲೀಸರು ಸತ್ತರು, ಕಾರ್ಮಿಕರೂ ಸತ್ತರು. 8 ಜನರಿಗೆ ಶಿಕ್ಷೆಯಾಯಿತು. 1887ರ ನವೆಂಬರ್ 11ರಂದು ಪಾರ್ಸನ್ಸ್, ಸ್ಪೀಸ್, ಫಿಷರ್, ಎಂಗೆಲ್ ನಾಲ್ವರನ್ನು ಗಲ್ಲಿಗೇರಿಸಿದರು. ಹಿಂದಿನ ದಿನವೇ ಲಿಂಗ್ ಸೆರೆಮನೆಯಲ್ಲಿ ಪ್ರಾಣ ಕಳೆದುಕೊಂಡಿದ್ದ. 1893ರಲ್ಲಿ ರಾಜ್ಯಪಾಲ ಆಲ್ಟ್‌ಗೆಲ್ಡ್ ಉಳಿದ ಮೂವರನ್ನು ಕ್ಷಮಿಸಿ ಬಿಟ್ಟರು. ವಿಚಾರಣೆಯೇ ನ್ಯಾಯವಾಗಿರಲಿಲ್ಲ ಎಂದು ಬರಹದಲ್ಲೇ ಹೇಳಿದರು, ಮುಂದಿನ ಚುನಾವಣೆಯಲ್ಲಿ ಸೋತರು.

ಅರಳೀಕಟ್ಟೆಯವರ ಅನುಮಾನಕ್ಕೆ ನೇರ ಉತ್ತರ: 1886ರಲ್ಲಿ 8 ಗಂಟೆ ಸಿಗಲಿಲ್ಲ. ಅಲ್ಲಿ ಇಲ್ಲಿ ಸಿಕ್ಕದ್ದೂ ಬಾಂಬಿನ ಗದ್ದಲದಲ್ಲಿ ಕೈ ಜಾರಿತು. ಹೇಮಾರ್ಕೆಟ್ ಒಂದು ಸೋಲು. ಅದನ್ನು ಗೆಲುವಿನ ದಿನದ ಹಾಗೆ ಆಚರಿಸುವುದು ನನಗೆ ಮೊದಲಿನಿಂದಲೂ ಒಂಥರಾ ಅನಿಸುತ್ತದೆ.

ನೂಲೆಳೆ:
ಎಲ್ಲರೂ ಶಿಕಾಗೋದಿಂದಲೇ ಕತೆ ಶುರು ಮಾಡ್ತೀರಿ. ಅಮೆರಿಕದ ಕಾರ್ಖಾನೆಗಳಲ್ಲಿ ಮೊದಲ ಮುಷ್ಕರ ನಡೆದದ್ದು 1824ರಲ್ಲಿ, ರೋಡ್ ಐಲ್ಯಾಂಡಿನ ಪಟಕೆಟ್ ಅನ್ನೋ ಗಿರಣಿ ಊರಲ್ಲಿ. ಮುಂದೆ ನಿಂತವರು ನೇಯುವ ಹೆಣ್ಣುಮಕ್ಕಳು. ಊಟದ ಬಿಡುವು ಕಿತ್ತು ಕೆಲಸದ ಹೊತ್ತು ಒಂದು ಗಂಟೆ ಹೆಚ್ಚಿಸಿದರು, ಜೊತೆಗೆ ನೇಕಾರರ ಕೂಲಿ ಕಡಿತ. ಅದಕ್ಕೇ ಮಗ್ಗ ಬಿಟ್ಟು ಹೊರಬಂದರು. ಗಿರಣಿಯ ಗಂಟೆ ಬಾರಿಸೋದು ಮಾಲೀಕನ ಕೈಯಲ್ಲಿ. ಬೆಳಿಗ್ಗೆ ಬೇಗ, ಸಂಜೆ ತಡ. ಮುಂದೆ ಅದೇ ಊರವರು ಚಂದಾ ಎತ್ತಿ ಸಾರ್ವಜನಿಕ ಗಡಿಯಾರ ಹಾಕಿಸಿದರು. 8 ಗಂಟೆ ಕೇಳೋಕೆ ಮೊದಲು ಗಂಟೆ ಎಷ್ಟಾಯ್ತು ಅಂತ ತಮಗೇ ಗೊತ್ತಾಗಬೇಕಿತ್ತಲ್ಲ!

ನಾನು ಹೇಳಬೇಕಂತಿದ್ದದ್ದು ಲಾರೆನ್ಸ್ ವಿಷಯ, ಮ್ಯಾಸಚೂಸೆಟ್ಸ್ ರಾಜ್ಯದ ಉಣ್ಣೆ, ಹತ್ತಿ ಗಿರಣಿಗಳ ಊರು. 1912ರ ಜನವರಿ 1ರಿಂದ ಹೊಸ ಕಾನೂನು: ಹೆಂಗಸರು, ಮಕ್ಕಳಿಗೆ ವಾರಕ್ಕೆ 56 ಗಂಟೆಯ ಬದಲು 54. ಒಳ್ಳೇದೇ ಅಲ್ವಾ? ಜನವರಿ 11ಕ್ಕೆ ಬಟವಾಡೆ. ಎವೆರೆಟ್ ಗಿರಣಿಯ ಪೋಲಿಷ್ ಹೆಂಗಸರು ಲಕೋಟೆ ಬಿಚ್ಚಿ ಎಣಿಸಿದರು. 32 ಸೆಂಟ್ ಕಡಿಮೆ. ಎರಡು ಗಂಟೆ ಕಾನೂನು ಕೊಟ್ಟಿತು, ಆ ಎರಡು ಗಂಟೆಯ ಕೂಲಿ ಗಿರಣಿ ಕಿತ್ತುಕೊಂಡಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ. 32 ಸೆಂಟ್ ಅಂದರೆ ಆ ಮನೆಗಳಿಗೆ ಕೆಲವು ದಿನದ ಬ್ರೆಡ್ಡು.

ಮಗ್ಗ ನಿಂತವು. ಮರುದಿನ ಬೇರೆ ಗಿರಣಿಯವರೂ ಬೀದಿಗೆ ಬಂದರು, ಕೆಲವೇ ದಿನದಲ್ಲಿ 20 ಸಾವಿರ ದಾಟಿತು. ಇಟಾಲಿಯನ್, ಪೋಲಿಷ್, ಲಿಥುವೇನಿಯನ್, ಸಿರಿಯನ್, ಹೀಗೆ ಒಬ್ಬರ ಮಾತು ಒಬ್ಬರಿಗೆ ಬಾರದ ಇಪ್ಪತ್ತಕ್ಕೂ ಹೆಚ್ಚು ಕುಲದ ಜನ. ಇಂಥವರನ್ನು ಒಂದುಗೂಡಿಸೋಕೆ ಆಗಲ್ಲ ಅಂತ ಕಸುಬುದಾರರ ದೊಡ್ಡ ಸಂಘಗಳೇ ಕೈಬಿಟ್ಟಿದ್ದವು. ಇವರು ಪ್ರತಿ ಭಾಷೆಯಿಂದಲೂ ಪ್ರತಿನಿಧಿ ಆರಿಸಿ ಮುಷ್ಕರ ಸಮಿತಿ ಮಾಡಿದರು. ಗೇಟಿನ ಮುಂದೆ ನಿಂತರೆ ಬಂಧಿಸ್ತಾರೆ ಅಂತ, ನಿಲ್ಲದೆ ಗಿರಣಿ ಪ್ರದೇಶದ ಸುತ್ತ ಸಾಲಾಗಿ ನಡೀತಾನೇ ಇದ್ದರು. ಮಕ್ಕಳನ್ನು ಬೇರೆ ಊರಿನ ಹಿತೈಷಿಗಳ ಮನೆಗೆ ಕಳಿಸಿದರು. ಫೆಬ್ರವರಿ 24ಕ್ಕೆ ಮಕ್ಕಳನ್ನು ರೈಲು ಹತ್ತಿಸೋಕೆ ಬಂದ ತಾಯಂದಿರ ಮೇಲೆ ಪೊಲೀಸರು ನಿಲ್ದಾಣದಲ್ಲೇ ಲಾಠಿ ಬೀಸಿದರು. ಆ ಸುದ್ದಿ ದೇಶವಿಡೀ ಹಬ್ಬಿತು. ಸಂಸತ್ತಿನ ಸಮಿತಿ ಮುಂದೆ ಕೆಮೆಲಾ ಟಿಯೋಲಿ ಅನ್ನೋ ಹದಿಹರೆಯದ ಹುಡುಗಿ ಸಾಕ್ಷಿ ಹೇಳಿದಳು. ಯಂತ್ರಕ್ಕೆ ಕೂದಲು ಸಿಕ್ಕಿ ಅವಳ ನೆತ್ತಿಯ ಚರ್ಮವೇ ಕಿತ್ತು ಬಂದಿತ್ತು. ಮಾರ್ಚ್ ಮಧ್ಯದ ಹೊತ್ತಿಗೆ ಗಿರಣಿಯವರು ಕೂಲಿ ಏರಿಸಿದರು. ಪಕ್ಕದ ಊರುಗಳ ಗಿರಣಿಗಳೂ ಮುಷ್ಕರಕ್ಕೆ ಹೆದರಿ ಏರಿಸಿದವು.

ಮುಷ್ಕರದಿಂದ ಏನು ಸಿಕ್ಕಿತು ಅಂದ್ರಲ್ಲ 'ಖಡಕ್ ಮಾತು' ಅವರೇ, ಇದು ಸಿಕ್ಕಿತು.

ಖಡಕ್ ಮಾತು:
ಮೇಡಂ, ಅದು ಕೂಲಿ. ಪ್ರಶ್ನೆ ಇದ್ದದ್ದು 8 ಗಂಟೆಯದು.

ಹಾಜರಿ ಪುಸ್ತಕ:
ಹಾಗಾದರೆ 8 ಗಂಟೆಯದ್ದೇ ಕೇಳಿ. 1916ರಲ್ಲಿ ರೈಲ್ವೆಯ ನಾಲ್ಕು ಸಂಘಗಳು ಸೆಪ್ಟೆಂಬರ್ 4ರಿಂದ ದೇಶಾದ್ಯಂತ ರೈಲು ನಿಲ್ಲಿಸುತ್ತೇವೆ ಎಂದು ನೋಟಿಸ್ ಕೊಟ್ಟವು. ಅಧ್ಯಕ್ಷ ವಿಲ್ಸನ್ ಸಂಸತ್ತಿಗೆ ಓಡಿದರು. ಆಡಮ್‌ಸನ್ ಕಾಯ್ದೆ ಕೆಲವೇ ದಿನದಲ್ಲಿ ಪಾಸಾಗಿ ಸೆಪ್ಟೆಂಬರ್ 3ಕ್ಕೆ ಸಹಿ ಬಿತ್ತು: ರೈಲ್ವೆಯವರಿಗೆ 8 ಗಂಟೆಯೇ ದಿನದ ಕೆಲಸ, ಮೇಲಿನದ್ದಕ್ಕೆ ಹೆಚ್ಚುವರಿ ಕೂಲಿ. ಖಾಸಗಿ ಕಂಪನಿಗಳ ಕೆಲಸಗಾರರ ದಿನದ ಹೊತ್ತು ಇಷ್ಟೆಂದು ಕಟ್ಟಿದ ಮೊದಲ ಕೇಂದ್ರ ಕಾನೂನು ಅದು. ಒಂದು ರೈಲೂ ನಿಲ್ಲಲಿಲ್ಲ, ಮುಷ್ಕರದ ನೋಟಿಸೇ ಸಾಕಾಯಿತು.

ಇಷ್ಟು ಸುಲಭ ಎಲ್ಲರಿಗೂ ಆಗಲಿಲ್ಲ, ಯಾಕೆಂದರೆ ನ್ಯಾಯಾಲಯ ಅಡ್ಡ ಬರುತ್ತಿತ್ತು. ನ್ಯೂಯಾರ್ಕ್ ರಾಜ್ಯ ಬೇಕರಿ ಕೆಲಸಗಾರರಿಗೆ ದಿನಕ್ಕೆ 10, ವಾರಕ್ಕೆ 60 ಗಂಟೆ ಮಿತಿ ಹಾಕಿದ್ದನ್ನು 1905ರಲ್ಲಿ ಸುಪ್ರೀಂ ಕೋರ್ಟ್ 5ಕ್ಕೆ 4 ಮತದಿಂದ ಹೊಡೆದುಹಾಕಿತು. ಕಾರಣ? ಹೆಚ್ಚು ಹೊತ್ತು ದುಡಿಯಲು ಒಪ್ಪಂದ ಮಾಡಿಕೊಳ್ಳುವ ಬೇಕರಿಯವನ ಸ್ವಾತಂತ್ರ್ಯಕ್ಕೆ ಅಡ್ಡಿಯಾಗುತ್ತದಂತೆ. ನಾನು ಸಿಬ್ಬಂದಿ ವಿಭಾಗದಲ್ಲಿ ಇದ್ದವನು. ಕೆಲಸಕ್ಕೆ ಸೇರುವ ದಿನ ಯಾರು ಯಾವ ಸ್ವಾತಂತ್ರ್ಯದಿಂದ ಸಹಿ ಹಾಕುತ್ತಾರೆ ಅಂತ ಮೇಜಿನ ಈ ಕಡೆ ಕೂತು ನೋಡಿದ್ದೇನೆ.

ಓದುಗುಳಿ:
ಉಕ್ಕಿನವರನ್ನು ಮರೆಯಬಾರದು. ಫೋರ್ಡ್ 8 ಗಂಟೆ ಕೊಟ್ಟ ಕಾಲಕ್ಕೆ ಆ ಕಾರುಗಳಿಗೆ ಉಕ್ಕು ಬೇಯಿಸುವವರು 12 ಗಂಟೆ ಕುಲುಮೆ ಮುಂದೆ ಇರುತ್ತಿದ್ದರು. ಎರಡು ವಾರಕ್ಕೊಮ್ಮೆ ಹಗಲು ಪಾಳಿಯವರು ರಾತ್ರಿಗೆ ಬದಲಾಗುವ ದಿನ ಸತತ 24 ಗಂಟೆ. ಅದಕ್ಕೆ 'ಉದ್ದ ಪಾಳಿ' ಎಂಬ ಹೆಸರೇ ಇತ್ತು. 1892ರಲ್ಲಿ ಕಾರ್ನೆಗಿಯ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಸಂಘವನ್ನು ಮುರಿದ ಮೇಲೆ ಉಕ್ಕಿನವರಿಗೆ ದನಿಯೇ ಇರಲಿಲ್ಲ. 1919ರ ಸೆಪ್ಟೆಂಬರಿನಲ್ಲಿ ಸುಮಾರು ಮೂರೂವರೆ ಲಕ್ಷ ಜನ ಮುಷ್ಕರ ಹೂಡಿ, 1920ರ ಜನವರಿಗೆ ಬರಿಗೈಯಲ್ಲಿ ಮರಳಿದರು.

ಆಮೇಲೆ ನಡೆದದ್ದು ಸ್ವಾರಸ್ಯ. ಚರ್ಚುಗಳ ಒಕ್ಕೂಟವೊಂದು ತನಿಖೆ ಮಾಡಿ 12 ಗಂಟೆಯ ವರದಿಯನ್ನು ಜನರ ಮುಂದಿಟ್ಟಿತು. 12 ಗಂಟೆ ಕೈಬಿಡಿ ಎಂದು ಅಧ್ಯಕ್ಷ ಹಾರ್ಡಿಂಗ್ ಒತ್ತಾಯಿಸಿದರು. 1923ರ ಮೇ ತಿಂಗಳಲ್ಲಿ ಉಕ್ಕಿನ ಮಾಲೀಕರ ಸಮಿತಿ, ಇದು ಸಾಧ್ಯವೇ ಇಲ್ಲ, ಇನ್ನೂ 60 ಸಾವಿರ ಜನ ಬೇಕು ಎಂದಿತು. ಸಾಧ್ಯವೇ ಇಲ್ಲದ್ದು ಆಗಸ್ಟಿನಲ್ಲಿ ಶುರುವಾಯಿತು! ಸೋತ ಮುಷ್ಕರದ ಫಲ ನಾಲ್ಕು ವರ್ಷ ತಡವಾಗಿ, ಬೇರೆಯವರ ಕೈಯಿಂದ ಬಂತು ಎಂದು ನನ್ನ ಲೆಕ್ಕ. ಅದೂ ಫೋರ್ಡ್‌ನ ಹಾಗೆ ಮಾಲೀಕರ ದೊಡ್ಡಗುಣ ಅನ್ನುವವರು ಇದ್ದಾರು.

ಖಡಕ್ ಮಾತು:
ಸರಿ, ಇಷ್ಟು ಒಪ್ಪಿದೆ. ಆದರೆ ಯೂನಿಯನ್ನುಗಳನ್ನು ಹೂವಿನ ಮಂಟಪದಲ್ಲಿ ಕೂರಿಸಬೇಡಿ. 1882ರಲ್ಲಿ ಚೀನಿಯರನ್ನು ದೇಶಕ್ಕೆ ಬಿಡಬಾರದು ಅಂತ ಬಂದ ಕಾನೂನಿಗೆ ಜೈ ಅಂದವರಲ್ಲಿ ಇವರೂ ಮುಂದೆ ಇದ್ದರು. 1894ರಲ್ಲಿ ಪುಲ್‌ಮನ್ ಅನ್ನೋ ರೈಲು ಬೋಗಿ ಕಂಪನಿ ವಿರುದ್ಧ ಮುಷ್ಕರ ನಡೆಸಿದ ರೈಲ್ವೆ ಯೂನಿಯನ್, ನಾಯಕ ಡೆಬ್ಸ್ ಬೇಡ ಅಂದರೂ, ಕರಿಯರನ್ನು ಸೇರಿಸಿಕೊಳ್ಳಬಾರದು ಅಂತ ಮತ ಹಾಕಿತು. ಇದಕ್ಕೇನಂತೀರಿ?

ನೂಲೆಳೆ:
ನೀವು ಹೇಳಿದ್ದು ನಿಜ, ಅದಕ್ಕೆ ಸಮಜಾಯಿಷಿ ಇಲ್ಲ. ಅದರ ಮುಂದಿನದ್ದೂ ಅದೇ ಪುಲ್‌ಮನ್ ಕಂಪನಿಯದ್ದೇ. ಮಲಗುವ ಬೋಗಿಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸಿ ಕೊಡ್ತಿದ್ದ ಪೋರ್ಟರುಗಳು ಕರಿಯರು. ಪ್ರಯಾಣಿಕರು ಅವರ ಹೆಸರೂ ಕೇಳ್ತಿರಲಿಲ್ಲ. ಕಂಪನಿಯ ಮಾಲೀಕ ಜಾರ್ಜ್ ಪುಲ್‌ಮನ್ ಅಂತ ಎಲ್ಲರನ್ನೂ 'ಜಾರ್ಜ್' ಅಂತಲೇ ಕರೀತಿದ್ದರು, ಒಡೆಯನ ಹೆಸರಲ್ಲಿ ಆಳನ್ನು ಕರೆದ ಹಾಗೆ. ಕೆಲಸ ತಿಂಗಳಿಗೆ 400 ಗಂಟೆ ತನಕ. 1925ರಲ್ಲಿ ಎ. ಫಿಲಿಪ್ ರ‍್ಯಾಂಡಾಲ್ಫ್ ಮುಂದಾಳತ್ವದಲ್ಲಿ ಸಂಘ ಕಟ್ಟಿದರು. ಹನ್ನೆರಡು ವರ್ಷ ಒದ್ದಾಡಿ 1937ರಲ್ಲಿ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. 400 ಗಂಟೆ 240ಕ್ಕೆ ಇಳೀತು. ಬಿಳಿಯರ ಸಂಘ ಬಾಗಿಲು ಹಾಕಿತ್ತು, ಇವರು ತಮ್ಮದೇ ಮನೆ ಕಟ್ಟಿಕೊಂಡರು.

ಅರಳೀಕಟ್ಟೆ:
ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಯಾವಾಗ ಸಿಕ್ಕಿತು ಹಾಗಾದರೆ? ವಾರಕ್ಕೆ 40 ಗಂಟೆ ಅನ್ನೋದು?

ಹಾಜರಿ ಪುಸ್ತಕ:
1938ರ ನ್ಯಾಯಯುತ ಕಾರ್ಮಿಕ ಮಾನದಂಡಗಳ ಕಾಯ್ದೆ. ಮೊದಲು ವಾರಕ್ಕೆ 44 ಗಂಟೆ, 1940ಕ್ಕೆ 40. ಮೀರಿದರೆ ಒಂದೂವರೆ ಪಟ್ಟು ಕೂಲಿ. ಗಂಟೆಗೆ 25 ಸೆಂಟ್ ಕನಿಷ್ಠ. ಗಮನಿಸಿ, 40 ದಾಟಿ ದುಡಿಸಬಾರದು ಅಂತ ಅದು ಹೇಳುವುದಿಲ್ಲ, ದುಡಿಸಿದರೆ ದುಬಾರಿಯಾಗುತ್ತದೆ ಅಷ್ಟೆ. ನಾವು ಓಟಿ ಅನ್ನುವುದು ಅದನ್ನೇ.

'ಎಲ್ಲರಿಗೂ' ಅಂದಿರಿ. ಇಲ್ಲ. ಹೊಲದಲ್ಲಿ ದುಡಿಯುವವರು, ಮನೆಗೆಲಸದವರು ಅದರಿಂದ ಹೊರಗೆ. ದಕ್ಷಿಣದ ರಾಜ್ಯಗಳಲ್ಲಿ ಈ ಎರಡೂ ಕೆಲಸ ಹೆಚ್ಚಾಗಿ ಕರಿಯರದ್ದು, ಮಸೂದೆ ಪಾಸಾಗಲು ಆ ರಾಜ್ಯಗಳ ಸದಸ್ಯರ ಮತ ಬೇಕಿತ್ತು. ಮನೆಗೆಲಸದವರನ್ನು ಒಳಗೆ ತಂದದ್ದು 1974ರಲ್ಲಿ. ಹೊಲದವರಿಗೆ ಕೇಂದ್ರದ ಕಾನೂನಿನಲ್ಲಿ ಓಟಿ ಇವತ್ತಿಗೂ ಇಲ್ಲ, ಕೆಲವು ರಾಜ್ಯಗಳಲ್ಲಿ ಮಾತ್ರ ಇದೆ.

ಅರೆ, ಒಂದು ಬಿಟ್ಟೆ. 1933ರ ಏಪ್ರಿಲ್‌ನಲ್ಲಿ ವಾರಕ್ಕೆ 30 ಗಂಟೆಯ ಮಸೂದೆ ಸೆನೆಟ್ಟಿನಲ್ಲಿ 53ಕ್ಕೆ 30 ಮತದಿಂದ ಪಾಸೇ ಆಗಿತ್ತು! ಮುಂದಿನ ಸದನ ದಾಟಲಿಲ್ಲ. ಕೋಟಿಗಟ್ಟಲೆ ಜನ ಕೆಲಸವಿಲ್ಲದೆ ಕೂತಿದ್ದ ಕಾಲ, ಇರುವ ಕೆಲಸ ಹಂಚಿಕೊಳ್ಳೋಣ ಎಂಬ ಲೆಕ್ಕ.

ಎರಡನೇ ಪಾಳಿ:
ಆ 30 ಗಂಟೆ ಫ್ಲಿಂಟ್ ಅನ್ನೋ ಊರಿನ ಕಾರು ಕೆಲಸಗಾರರ ಬೇಡಿಕೆ ಪಟ್ಟಿಯಲ್ಲೂ ಇತ್ತು. 1936ರ ಡಿಸೆಂಬರ್ 30ರಿಂದ 44 ದಿನ ಜನರಲ್ ಮೋಟಾರ್ಸ್ ಕಾರ್ಖಾನೆ ಒಳಗೇ ಕೂತುಬಿಟ್ಟರಲ್ಲ, ಅವರು. ಗೇಟಿನಾಚೆ ನಿಂತರೆ ಬೇರೆಯವರನ್ನ ಕರೆತಂದು ಲೈನು ಓಡಿಸ್ತಾರೆ, ಒಳಗೇ ಕೂತರೆ ಲೈನು ನಮ್ಮ ಹತ್ರಾನೇ. ಜನವರಿ 11ರ ರಾತ್ರಿ ಪೊಲೀಸರು ಅಶ್ರುವಾಯು ಬಿಟ್ರು. ಒಳಗಿನವರು ಕಾರಿನ ಬಾಗಿಲ ತಿರುಗುಣಿ ತೂರಿದ್ರು, ಬೆಂಕಿ ಪೈಪಿನ ನೀರು ಬಿಟ್ರು. ಫೋರ್ಡ್ ಗೇಟಿನ ಮುಂದೆ ಜನರ ಮೇಲೆ ಬಿಟ್ಟಿದ್ದ ಅದೇ ಆಯುಧ, ಈ ಸಲ ಪೈಪು ಕೆಲಸಗಾರರ ಕೈಯಲ್ಲಿ. ಫೆಬ್ರವರಿ 11ಕ್ಕೆ ಕಂಪನಿ ಯೂನಿಯನ್ನನ್ನ ಒಪ್ಪಿಕೊಳ್ತು.

ಅವರ ದೊಡ್ಡ ಸಿಟ್ಟು ಗಂಟೆ ಮೇಲೆ ಇರಲಿಲ್ಲ ಸಾರ್, ಲೈನಿನ ವೇಗದ ಮೇಲೆ. ಇದನ್ನ ಆ ಚಿತ್ರ ಮಾಡಿದವನಿಗೆ ಯಾರಾದರೂ ಹೇಳಬೇಕು. 9 ಗಂಟೆ 8 ಮಾಡಿ, ಆ 8ರಲ್ಲಿ 10 ಗಂಟೆಯ ಕೆಲಸ ತೆಗೆದರೆ ಕೊಟ್ಟಂಗೋ ಕಿತ್ಕೊಂಡಂಗೋ?

ಅರಳೀಕಟ್ಟೆ:
ಫೋರ್ಡ್ ಕಂಪನಿ ಯೂನಿಯನ್ನನ್ನು ಯಾವಾಗ ಒಪ್ಪಿತು?

ಎರಡನೇ ಪಾಳಿ:
ಮೂರು ದೊಡ್ಡ ಕಾರು ಕಂಪನಿಗಳಲ್ಲಿ ಕಟ್ಟಕಡೆಗೆ, 1941ರಲ್ಲಿ. ಅದಕ್ಕೆ ಮೊದಲು 1937ರ ಮೇ 26ಕ್ಕೆ ಕಾರ್ಖಾನೆ ಎದುರಿನ ಮೇಲ್ಸೇತುವೆ ಮೇಲೆ ಕರಪತ್ರ ಹಂಚೋಕೆ ಬಂದಿದ್ದ ಯೂನಿಯನ್ ನಾಯಕ ವಾಲ್ಟರ್ ರಾಯ್ಥರ್ ಮತ್ತವರ ಜೊತೆಯವರನ್ನ ಕಂಪನಿಯ ಆಳುಗಳು ರಕ್ತ ಬರೋ ಹಾಗೆ ಹೊಡೆದರು. ಪತ್ರಿಕೆಯವರ ಕ್ಯಾಮೆರಾ ಕಿತ್ಕೊಳ್ಳೋಕೆ ನೋಡಿದ್ರು, ಒಬ್ಬ ಛಾಯಾಗ್ರಾಹಕ ಫಲಕ ಬಚ್ಚಿಟ್ಟುಕೊಂಡು ಪಾರಾದ. ಆ ಫೋಟೋ ಇವತ್ತಿಗೂ ಸಿಗುತ್ತೆ. ನಿಮ್ಮ ಗುಂಪಿಗೆ ಅದನ್ನೂ ಹಾಕಿ.

ಖಡಕ್ ಮಾತು:
1926ರಲ್ಲಿ ವಾರಕ್ಕೆ 5 ದಿನ ಅಂತ ಮಾಡಿದ್ದು ಮಾತ್ರ ಅವನೇ, ಯೂನಿಯನ್ ಒಪ್ಪೋದಕ್ಕೆ 15 ವರ್ಷ ಮೊದಲು. ಅದನ್ನೂ ಹಾಕಿ. ಬಿಡುವು ಇದ್ದವನೇ ಕಾರು ಕೊಳ್ಳುತ್ತಾನೆ ಅಂತ ಬಾಯಿಬಿಟ್ಟೇ ಹೇಳಿದ, ದಾನ ಅಂತ ಅವನೂ ಹೇಳಲಿಲ್ಲ.

ಓದುಗುಳಿ:
ಸರಿಯಾಗಿ ಹೇಳಿದಿರಿ, ಅದು ಅವನ ಪಾಲಿಗೆ ಸಲ್ಲಬೇಕಾದದ್ದು.

40ರಿಂದ ಕೆಳಗಿಳಿಸುವ ಪ್ರಯತ್ನ ಆಮೇಲೂ ಆಗಿದೆ. 1981ರ ಆಗಸ್ಟ್ 3ಕ್ಕೆ ವಿಮಾನ ಸಂಚಾರ ನಿಯಂತ್ರಕರು ಮುಷ್ಕರ ಹೂಡಿದರಲ್ಲ, ಅವರ ಬೇಡಿಕೆಗಳಲ್ಲಿ ವಾರಕ್ಕೆ 32 ಗಂಟೆಯೂ ಇತ್ತು. ಹಿಂದಿನ ವರ್ಷದ ಚುನಾವಣೆಯಲ್ಲಿ ಅವರ ಸಂಘ ಬೆಂಬಲ ಕೊಟ್ಟದ್ದು ರೇಗನ್‌ಗೆ! ಅದೇ ರೇಗನ್ ಅಧ್ಯಕ್ಷರಾಗಿ 48 ಗಂಟೆ ಗಡುವು ಕೊಟ್ಟು 11,345 ಜನರನ್ನು ಮನೆಗೆ ಕಳಿಸಿದರು. 1950ರ ದಶಕದ ನಡುವಿನಲ್ಲಿ ಸುಮಾರು ಮೂರರಲ್ಲೊಬ್ಬ ಸಂಬಳದಾರ ಯೂನಿಯನ್ನಿನಲ್ಲಿದ್ದ, ಈಗ ಹತ್ತರಲ್ಲೊಬ್ಬ.

ಎರಡನೇ ಪಾಳಿ:
2023ರಲ್ಲಿ ಕಾರು ಕಾರ್ಖಾನೆಯವರು ಮೂರೂ ಕಂಪನಿ ಮೇಲೆ ಒಟ್ಟಿಗೆ ಮುಷ್ಕರ ಮಾಡಿದಾಗಲೂ 32 ಗಂಟೆ ಕೇಳಿದ್ರು, ಸಿಗಲಿಲ್ಲ. ಕೂಲಿ ಏರಿತು. ಆದ್ರೆ ಒಂದು ಜಾಣತನ ಮಾಡಿದ್ದಾರೆ, ಒಪ್ಪಂದ ಮುಗಿಯೋ ತಾರೀಕನ್ನ 2028ರ ಏಪ್ರಿಲ್ 30ಕ್ಕೆ ಇಟ್ಟಿದ್ದಾರೆ. ಮರುದಿನ ಯಾವುದು ಅಂತ ನೋಡ್ಕೊಳ್ಳಿ.

ಖಡಕ್ ಮಾತು:
ಮೇ 1. ಆ ಮೂರು ಕಂಪನಿಯಲ್ಲಿ ಫೋರ್ಡ್ ಕೂಡ ಇದೆ ತಾನೇ?

ಎರಡನೇ ಪಾಳಿ:
ಇದೆ ಸಾರ್.